ಅಂತರ ಸೂಜಿ, ಎಲುಬಿನ ಲೆಕ್ಕ

ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ‘ಅಂತರ’ ಚುಚ್ಚುಮದ್ದಿನ ಬಗ್ಗೆ ಹೆಂಗಸರ ನಡುವೆ ಎರಡು ಮಾತು ಓಡಾಡುತ್ತವೆ. ಮುಟ್ಟು ನಿಂತುಹೋಗಿ ಕೆಟ್ಟ ರಕ್ತ ಒಳಗೇ ಕೂಡಿಕೊಳ್ಳುತ್ತದೆ ಎಂಬುದು ಒಂದು. ಇದು ಸುಳ್ಳು. ಗರ್ಭಕೋಶದ ಒಳಪದರ ಬೆಳೆಯುವುದೇ ನಿಂತಿರುವಾಗ ಹೊರಗೆ ಬರಲು ಅಲ್ಲಿ ಏನೂ ಇರುವುದಿಲ್ಲ. ಇನ್ನೊಂದು, ಈ ಸೂಜಿ ಹಾಕಿಸಿಕೊಂಡರೆ ಎಲುಬು ಸವೆಯುತ್ತದೆ ಎಂಬುದು. ಇದು ನಿಜ. ಆದರೆ ಎಷ್ಟು ಸವೆಯುತ್ತದೆ, ಸವೆದದ್ದು ವಾಪಸು ತುಂಬುತ್ತದೆಯೇ, ಯಾವ ವಯಸ್ಸಿನವರಿಗೆ ಅದು ಲೆಕ್ಕಕ್ಕೆ ಬರುವ ನಷ್ಟ ಎಂದು ಕೇಳದೆ ಬಿಟ್ಟರೆ ಈ ನಿಜ ಅರ್ಧದಲ್ಲೇ ನಿಂತುಬಿಡುತ್ತದೆ. ಅರ್ಧ ನಿಜವನ್ನು ನಂಬಿ ಸೂಜಿ ಬಿಟ್ಟವಳು ಮುಂದೆ ಏನು ಮಾಡುತ್ತಾಳೆ ಎಂಬುದನ್ನೂ ಯಾರೂ ಕೇಳುವುದಿಲ್ಲ. ನನ್ನ ವಾದ ಇಷ್ಟೇ: ಹದಿನೆಂಟರಿಂದ ನಲವತ್ತೈದರ ನಡುವಿನ ಆರೋಗ್ಯವಂತ ಹೆಣ್ಣಿಗೆ ಈ ಸೂಜಿಯಿಂದ ಎಲುಬಿಗೆ ಆಗುವ ನಷ್ಟ ಸಣ್ಣದು, ಬಹುಪಾಲು ಮರಳಿ ತುಂಬಿಕೊಳ್ಳುವಂಥದ್ದು. ನಮ್ಮ ಹೆಂಗಸರ ಎಲುಬನ್ನು ನಿಜವಾಗಿ ತಿನ್ನುತ್ತಿರುವ ಕಾರಣಗಳು ಬೇರೆ ಇವೆ, ಅವುಗಳ ಬಗ್ಗೆ ಎಚ್ಚರಿಕೆಯ ಚೀಟಿಯನ್ನು ಯಾರೂ ಅಂಟಿಸಿಲ್ಲ.

ಈ ಔಷಧದ ಪೂರ್ತಿ ಹೆಸರು ಡಿಪೋ ಮೆಡ್ರಾಕ್ಸಿಪ್ರೊಜೆಸ್ಟರೋನ್ ಅಸಿಟೇಟ್. ‘ಡಿಪೋ ಪ್ರೊವೆರಾ’ ಎಂಬ ಬ್ರ್ಯಾಂಡ್ ಹೆಸರಿನಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವಾಗಿ 1992ರಲ್ಲಿ, ಭಾರತದ ಖಾಸಗಿ ಮಾರುಕಟ್ಟೆಗೆ 1993ರಲ್ಲಿ ಅನುಮತಿ ಪಡೆಯಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಬರಲು ಇನ್ನೂ ಕಾಲು ಶತಮಾನ ಹಿಡಿಯಿತು. 2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ‘ಅಂತರ’ ಎಂಬ ಹೆಸರಿನಲ್ಲಿ ಹತ್ತು ರಾಜ್ಯಗಳಲ್ಲಿ ಶುರುಮಾಡಿದಾಗ ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. 150 ಮಿಲಿಗ್ರಾಂ ಔಷಧವಿರುವ ಸಣ್ಣ ಸೀಸೆ. ಚೆನ್ನಾಗಿ ಅಲುಗಾಡಿಸಿ ತೋಳಿಗೋ ಪೃಷ್ಠಕ್ಕೋ ಚುಚ್ಚುತ್ತಾರೆ. ಚುಚ್ಚಿದ ಜಾಗವನ್ನು ತಿಕ್ಕಬಾರದು, ಬಿಸಿ ಶಾಖ ಕೊಡಬಾರದು ಎಂದು ಸಿಸ್ಟರ್ ಹೇಳುವುದಕ್ಕೆ ಕಾರಣವಿದೆ. ಔಷಧದ ಪುಟ್ಟ ಹರಳುಗಳು ಸ್ನಾಯುವಿನಲ್ಲಿ ಕೂತು ಮೂರು ತಿಂಗಳ ಕಾಲ ನಿಧಾನವಾಗಿ ಕರಗಬೇಕು; ತಿಕ್ಕಿದರೆ ಬೇಗ ಕರಗಿಬಿಡುತ್ತದೆ. ನಂತರ ಮುಂದಿನ ಡೋಸಿನ ದಿನಾಂಕವನ್ನು ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಮನೆಯಲ್ಲಿ ಗುಳಿಗೆಯ ಪಟ್ಟಿ ಬಚ್ಚಿಡುವ ತಾಪತ್ರಯವಿಲ್ಲ, ದಿನಾ ನೆನಪಿಟ್ಟುಕೊಳ್ಳುವ ಗೋಜಿಲ್ಲ, ಗಂಡನ ಅಪ್ಪಣೆಗೆ ಕಾಯಬೇಕಿಲ್ಲ. ಇದರ ಜನಪ್ರಿಯತೆಗೂ ಇದರ ಬಗೆಗಿನ ಅನುಮಾನಕ್ಕೂ ಇದೇ ಮೂಲ.

ಎಲುಬಿಗೂ ಇದಕ್ಕೂ ಏನು ಸಂಬಂಧ? ಎಲುಬು ಒಮ್ಮೆ ಬೆಳೆದು ಗಟ್ಟಿಯಾಗಿ ಹಾಗೇ ಉಳಿದುಬಿಡುವ ವಸ್ತುವಲ್ಲ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕೊರೆಯುತ್ತಲೇ ಇರುತ್ತವೆ, ಇನ್ನೊಂದು ಬಗೆಯವು ಆ ಗುಳಿಯನ್ನು ಹೊಸ ಮೂಳೆಯಿಂದ ತುಂಬುತ್ತಲೇ ಇರುತ್ತವೆ. ಕೊರೆಯುವವರ ಕೈ ಮೇಲಾಗದಂತೆ ತಡೆದು ನಿಲ್ಲಿಸುವುದು ಅಂಡಾಶಯದಲ್ಲಿ ಉತ್ಪತ್ತಿಯಾಗುವ ಈಸ್ಟ್ರೊಜೆನ್. ಅಂತರ ಸೂಜಿ ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಸಂದೇಶವನ್ನೇ ತಡೆಯುತ್ತದೆ. ಅಂಡಾಣು ಬಲಿಯುವುದಿಲ್ಲ, ಅದರ ಜೊತೆಗೆ ಈಸ್ಟ್ರೊಜೆನ್ ಕೂಡ ಇಳಿಯುತ್ತದೆ. ಪೂರ್ತಿ ಸೊನ್ನೆಯಾಗುವುದಿಲ್ಲ, ಮುಟ್ಟಿನ ಮೊದಲ ದಿನಗಳಲ್ಲಿ ಸಹಜವಾಗಿ ಇರುವಷ್ಟು ಕೆಳಮಟ್ಟದಲ್ಲಿ ನಿಂತಿರುತ್ತದೆ. ಎಲುಬಿಗೆ ಅದು ಸಾಲದು. ಇದೇ ಕಾರಣಕ್ಕೆ ಎಲ್ಲ ಗರ್ಭನಿರೋಧಕಗಳನ್ನೂ ಒಂದೇ ಬುಟ್ಟಿಗೆ ಹಾಕಿ ‘ಹಾರ್ಮೋನು ಅಂದರೆ ಮೂಳೆ ಹಾಳು’ ಎನ್ನುವುದು ತಪ್ಪು. ಸರ್ಕಾರಿ ಗುಳಿಗೆ ಮಾಲಾ-ಎನ್ ತೆಗೆದುಕೊಳ್ಳಿ. ಅದರ 21 ಗುಳಿಗೆಗಳಲ್ಲಿ ಪ್ರೊಜೆಸ್ಟಿನ್ ಜೊತೆ 30 ಮೈಕ್ರೊಗ್ರಾಂ ಈಸ್ಟ್ರೊಜೆನ್ ಕೂಡ ಇದೆ, ಉಳಿದ ಏಳು ಕಬ್ಬಿಣಾಂಶದವು. ಅಂಡಾಶಯ ಸುಮ್ಮನಾದರೂ ಎಲುಬಿಗೆ ಬೇಕಾದ್ದು ಗುಳಿಗೆಯಿಂದ ಸಿಗುತ್ತದೆ. ವಯಸ್ಕ ಹೆಂಗಸರಲ್ಲಿ ಇಂಥ ಗುಳಿಗೆಯಿಂದ ಮೂಳೆಗೆ ಗಣನೀಯ ಹಾನಿ ಕಂಡಿಲ್ಲ. ಹಾರ್ಮೋನು ಇರುವ ವಂಕಿ ಗರ್ಭಕೋಶದೊಳಗಷ್ಟೇ ಕೆಲಸ ಮಾಡುತ್ತದೆ, ಅಂಡಾಶಯದ ತಂಟೆಗೆ ಹೋಗುವುದು ಕಡಿಮೆ. ಕಾಪರ್-ಟಿಗೂ ಟ್ಯೂಬೆಕ್ಟಮಿಗೂ ಎಲುಬಿಗೂ ಸಂಬಂಧವೇ ಇಲ್ಲ. ತಕರಾರು ಇರುವುದು ಮುಖ್ಯವಾಗಿ ಈ ಒಂದು ಸೂಜಿಯ ಮೇಲೆ.

ತಕರಾರು ಶುರುವಾದದ್ದು ನ್ಯೂಜಿಲೆಂಡ್‌ನಲ್ಲಿ. 1991ರಲ್ಲಿ ಆಕ್ಲೆಂಡಿನ ವೈದ್ಯರ ತಂಡವೊಂದು ಈ ಸೂಜಿಯನ್ನು ವರ್ಷಗಟ್ಟಲೆ ಬಳಸಿದ್ದ 30 ಹೆಂಗಸರ ಮೂಳೆ ಸಾಂದ್ರತೆಯನ್ನು ಅಳೆದು, ಅದೇ ವಯಸ್ಸಿನ ಇತರರಿಗಿಂತ ಇವರದ್ದು ಕಡಿಮೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿತು. ಮುಂದೆ ಔಷಧ ಕಂಪನಿಯೇ ನಡೆಸಿದ ದೀರ್ಘ ಅಧ್ಯಯನದಲ್ಲಿ ಸರಿಯಾದ ಅಂಕಿ ಸಿಕ್ಕಿತು: ಐದು ವರ್ಷ ಬಿಡದೆ ಸೂಜಿ ಹಾಕಿಸಿಕೊಂಡವರಲ್ಲಿ ಬೆನ್ನುಮೂಳೆಯ ಮತ್ತು ಸೊಂಟದ ಮೂಳೆಯ ಸಾಂದ್ರತೆ ಸರಾಸರಿ ಶೇ 5ರಿಂದ 6ರಷ್ಟು ಇಳಿದಿತ್ತು. ಇಳಿತದ ಹೆಚ್ಚಿನ ಭಾಗ ಮೊದಲ ಎರಡು ವರ್ಷಗಳದ್ದು, ಆಮೇಲೆ ವೇಗ ಕಡಿಮೆ. ಸೂಜಿ ನಿಲ್ಲಿಸಿದ ಎರಡು ವರ್ಷದಲ್ಲಿ ನಷ್ಟದ ಒಂದು ಭಾಗ ತುಂಬಿಕೊಂಡಿತ್ತು, ಪೂರ್ತಿ ಅಲ್ಲ. ಇದನ್ನು ನೋಡಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರ ನವೆಂಬರ್‌ನಲ್ಲಿ ತನ್ನ ಅತಿ ಕಟುವಾದ ಕ್ರಮವಾದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಔಷಧದ ಮೇಲೆ ಮುದ್ರಿಸಲು ಹೇಳಿತು. ಬೇರೆ ವಿಧಾನಗಳು ಹೊಂದದಿದ್ದರೆ ಮಾತ್ರ ಎರಡು ವರ್ಷಕ್ಕಿಂತ ಹೆಚ್ಚು ಬಳಸಿ ಎಂಬುದು ಅದರ ತಾತ್ಪರ್ಯ. ಸಾವಿಗೋ ಅಂಗವೈಕಲ್ಯಕ್ಕೋ ದಾರಿಯಾಗುವ ಔಷಧಗಳಿಗೆ ಮೀಸಲಾದ ಚೌಕಟ್ಟು ಅದು. ಯಂತ್ರದಲ್ಲಿ ಕಂಡ ಐದಾರು ಶೇಕಡಾ ಇಳಿತಕ್ಕೆ ಅದನ್ನು ಹಾಕಿದ್ದು ಅತಿಯಾಯಿತೆಂದು ಆಗಲೇ ಅನೇಕ ತಜ್ಞರು ಹೇಳಿದರು. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2014ರಲ್ಲಿ, ಎಲುಬಿನ ಭಯದಿಂದ ಎರಡು ವರ್ಷಕ್ಕೆ ಸೂಜಿ ನಿಲ್ಲಿಸಬೇಕಿಲ್ಲ, ವಾಡಿಕೆಯಂತೆ ಸ್ಕ್ಯಾನ್ ಮಾಡಿಸಬೇಕಿಲ್ಲ ಎಂದೇ ಬರೆಯಿತು. ವಿಶ್ವ ಆರೋಗ್ಯ ಸಂಸ್ಥೆ 18ರಿಂದ 45 ವಯಸ್ಸಿನವರಿಗೆ ಯಾವ ನಿರ್ಬಂಧವನ್ನೂ ಹೇಳುವುದಿಲ್ಲ. ಆಚೀಚೆಯ ವಯಸ್ಸಿನವರಿಗೂ ಲಾಭವೇ ಸಾಮಾನ್ಯವಾಗಿ ಹೆಚ್ಚು, ಆದರೆ ಯೋಚಿಸಿ ಕೊಡಿ ಎನ್ನುತ್ತದೆ. ಬ್ರಿಟನ್ನಿನ ಮಾರ್ಗಸೂಚಿ ಎರಡು ವರ್ಷಕ್ಕೊಮ್ಮೆ ಕೂತು ಮಾತಾಡಿ, ಮುಂದುವರಿಸಬೇಕೇ ಎಂದು ತೀರ್ಮಾನಿಸಿ ಎನ್ನುತ್ತದೆ. ನಿಲ್ಲಿಸಿ ಎನ್ನುವುದಕ್ಕೂ ಕೂತು ಮಾತಾಡಿ ಎನ್ನುವುದಕ್ಕೂ ಬಹಳ ಅಂತರವಿದೆ. ನನಗೆ ಬ್ರಿಟನ್ನಿನವರ ಮಾತೇ ಸರಿಯೆನಿಸುತ್ತದೆ.

ಐದಾರು ಶೇಕಡಾ ಎಂದರೆ ಎಷ್ಟು? ಇದಕ್ಕೆ ಅಳತೆಗೋಲು ನಮ್ಮ ಮನೆಗಳಲ್ಲೇ ಇದೆ. ಮಗುವಿಗೆ ಎದೆಹಾಲು ಕೊಡುವ ಆರು ತಿಂಗಳಲ್ಲಿ ಬಾಣಂತಿಯ ಬೆನ್ನುಮೂಳೆಯ ಸಾಂದ್ರತೆ ಶೇ 3ರಿಂದ 5ರಷ್ಟು ಇಳಿಯುತ್ತದೆ. ಕಾರಣವೂ ಬಹುಮಟ್ಟಿಗೆ ಅದೇ: ಹಾಲೂಡುವಾಗ ಈಸ್ಟ್ರೊಜೆನ್ ಇಳಿದಿರುತ್ತದೆ, ಜೊತೆಗೆ ಹಾಲಿನ ಮೂಲಕ ಸುಣ್ಣದಂಶ ಹೊರಹೋಗುತ್ತದೆ. ಸೂಜಿ ಐದು ವರ್ಷದಲ್ಲಿ ಮಾಡುವುದರ ಬಹುಭಾಗವನ್ನು ಬಾಣಂತನ ಆರು ತಿಂಗಳಲ್ಲಿ ಮಾಡುತ್ತದೆ. ಹಾಲು ಬಿಡಿಸಿದ ಆರರಿಂದ ಹನ್ನೆರಡು ತಿಂಗಳಲ್ಲಿ ಅದು ಮರಳಿ ತುಂಬಿಕೊಳ್ಳುತ್ತದೆ. ನಾಲ್ಕೈದು ಮಕ್ಕಳಿಗೆ ವರ್ಷಗಟ್ಟಲೆ ಹಾಲೂಡಿಸಿದ ನಮ್ಮ ಅಜ್ಜಿಯರಿಗೆ ಮುಪ್ಪಿನಲ್ಲಿ ಎಲುಬು ಮುರಿಯುವುದು ಆ ಕಾರಣಕ್ಕೆ ಹೆಚ್ಚಲಿಲ್ಲ. ಹೆಚ್ಚು ಹಾಲೂಡಿಸಿದವರಲ್ಲಿ ಮೂಳೆಮುರಿತ ಹೆಚ್ಚು ಎಂದು ಅಧ್ಯಯನಗಳು ತೋರಿಸಿಲ್ಲ. ‘ಮೂಳೆ ಸವೆಯುತ್ತದೆ, ಮಗುವಿಗೆ ಹಾಲು ಕೊಡಬೇಡ’ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಸುಣ್ಣದಂಶದ ಮಾತ್ರೆ ಬರೆದುಕೊಡುತ್ತಾರೆ, ಅಷ್ಟೆ.

ಸಾಂದ್ರತೆ ಇಳಿಯುವುದು ಒಂದು, ಎಲುಬು ಮುರಿಯುವುದು ಇನ್ನೊಂದು. ನಮಗೆ ಬೇಡವಾದದ್ದು ಎರಡನೆಯದು. ಸೂಜಿ ಬಳಸುವವರಲ್ಲಿ ಮೂಳೆಮುರಿತ ಹೆಚ್ಚು ಎಂದು ಬ್ರಿಟನ್ ಮತ್ತು ಡೆನ್ಮಾರ್ಕ್‌ನ ದಾಖಲೆಗಳನ್ನು ತಡಕಿದವರು ಹೇಳಿದ್ದುಂಟು. ಆದರೆ ಬ್ರಿಟನ್ನಿನ ಮೂರು ಲಕ್ಷಕ್ಕೂ ಹೆಚ್ಚು ಹೆಂಗಸರ ವೈದ್ಯಕೀಯ ದಾಖಲೆಗಳನ್ನು ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನ ಒಂದು ಬುದ್ಧಿವಂತ ಪ್ರಶ್ನೆ ಕೇಳಿತು: ಇವರಿಗೆ ಸೂಜಿ ಶುರುಮಾಡುವ ಮೊದಲು ಎಷ್ಟು ಮುರಿತಗಳಾಗಿದ್ದವು? ಉತ್ತರ ನೋಡಿದರೆ, ಆಗಲೂ ಇವರಲ್ಲೇ ಹೆಚ್ಚು ಇದ್ದವು. ಅಂದರೆ ಸೂಜಿಯನ್ನು ಆರಿಸಿಕೊಳ್ಳುವ ಹೆಂಗಸರ ಬದುಕೇ ಬೇರೆ ಬಗೆಯದು. ಬಿದ್ದು ಮುರಿದುಕೊಳ್ಳುವ ಸಂದರ್ಭಗಳು ಅವರಿಗೆ ಮೊದಲಿನಿಂದಲೂ ಜಾಸ್ತಿ. ಮುಪ್ಪಿನಲ್ಲಿ ಮುರಿಯುವ ಸೊಂಟದ ಮೂಳೆಯಂಥ ಮುರಿತಗಳಿಗೂ ಸೂಜಿಗೂ ನಂಟು ಅದರಲ್ಲಿ ಕಾಣಲಿಲ್ಲ. ಇನ್ನೊಂದು ಸಂಗತಿ ಅದೇ ಆಕ್ಲೆಂಡಿನಿಂದಲೇ ಬಂತು. 1998ರಲ್ಲಿ ಅಲ್ಲಿಯ ತಂಡ ಮುಟ್ಟು ನಿಂತ 346 ಹೆಂಗಸರನ್ನು ಪರೀಕ್ಷಿಸಿತು. ಅವರಲ್ಲಿ 34 ಮಂದಿ ಹಿಂದೊಮ್ಮೆ ಈ ಸೂಜಿ ಬಳಸಿದ್ದವರು. ಇವರ ಮೂಳೆಗೂ ಉಳಿದವರ ಮೂಳೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೊದಲು ಗಂಟೆ ಬಾರಿಸಿದವರೇ ಏಳು ವರ್ಷದ ನಂತರ ಸಮಾಧಾನದ ಸುದ್ದಿ ಕೊಟ್ಟರು. ಮೊದಲ ಸುದ್ದಿ ಜಗತ್ತನ್ನೆಲ್ಲ ಸುತ್ತಿತು, ಎರಡನೆಯದು ಗ್ರಂಥಾಲಯದಲ್ಲಿ ಉಳಿಯಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಈ ಲೆಕ್ಕವೆಲ್ಲ ಹಾಲು, ಚೀಸು ತಿನ್ನುವ ಬಿಳಿಯರದ್ದು. ಮೊದಲೇ ಸೊರಗಿದ ನಮ್ಮ ಹೆಣ್ಣುಮಕ್ಕಳ ಎಲುಬಿಗೆ ಐದು ಶೇಕಡಾ ಕೂಡ ದೊಡ್ಡದೇ ಅಲ್ಲವೇ? ಆಕ್ಷೇಪದ ಮೊದಲ ಅರ್ಧ ಸರಿ. ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣದಂಶ ಬೇಕೆಂದು ನಿಗದಿ ಮಾಡಿತು. ಅದಕ್ಕೂ ಮೊದಲು 600 ಇತ್ತು. ನಮ್ಮ ಬಹುತೇಕ ಹೆಂಗಸರ ತಟ್ಟೆಯಲ್ಲಿ ಇದರ ಅರ್ಧವೂ ಇರುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ ಅಷ್ಟೇ ಜೋಳದಲ್ಲಿ 30ಕ್ಕಿಂತ ಕಡಿಮೆ, ಪಾಲಿಷ್ ಅಕ್ಕಿಯಲ್ಲಿ ಹತ್ತೂ ಇಲ್ಲ. ದಿನಕ್ಕೆರಡು ಮುದ್ದೆ ಉಣ್ಣುವ ಮಂಡ್ಯ, ತುಮಕೂರು ಕಡೆಯ ಹಳ್ಳಿಯವಳಿಗೂ ರೊಟ್ಟಿಯ ಮೇಲೆ ಬದುಕುವ ಯಾದಗಿರಿಯವಳಿಗೂ ಬೆಳಗಿನಿಂದಲೇ ಈ ವ್ಯತ್ಯಾಸ ಶುರುವಾಗುತ್ತದೆ. ಅನ್ನಕ್ಕೆ ಬದಲಾದ ಮನೆಗಳಲ್ಲಿ ಮುದ್ದೆಯವಳೂ ಇತ್ತೀಚೆಗೆ ಸೋಲುತ್ತಿದ್ದಾಳೆ. ಹಸು ಕಟ್ಟಿದ ಮನೆಯ ಹಾಲು ಡೇರಿಗೆ ಹೋಗುತ್ತದೆ, ಉಳಿದದ್ದು ಗಂಡಸರಿಗೂ ಮಕ್ಕಳಿಗೂ. ಬಿಸಿಲು ಹೇರಳವಾಗಿರುವ ನಾಡಿನಲ್ಲಿ ಡಿ ಜೀವಸತ್ವದ ಕೊರತೆ ಊರೆಲ್ಲ ಹರಡಿದೆ. ಇವೆಲ್ಲ ನಿಜ. ಆದರೆ ಆಕ್ಷೇಪದ ಎರಡನೇ ಅರ್ಧ ಇದರಿಂದ ಹುಟ್ಟುವುದಿಲ್ಲ. ಸೊರಗಿದ ಎಲುಬಿಗೆ ಮದ್ದು ಸೂಜಿ ಬಿಡುವುದಲ್ಲ, ಸುಣ್ಣದಂಶ ಕೊಡುವುದು. ಸೂಜಿಯ ಬದಲು ಬರುವ ಬೇಡದ ಬಸಿರು ಮತ್ತು ಅದರ ಹಿಂದಿನ ಬಾಣಂತನ ಕೂಡ ಅದೇ ಸೊರಗಿದ ಎಲುಬಿನಿಂದಲೇ ಸುಣ್ಣದಂಶ ಸೆಳೆಯುತ್ತವೆ. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ 69 ತಾಯಂದಿರು, ದೇಶದಲ್ಲಿ 97 ತಾಯಂದಿರು ಸತ್ತಿದ್ದಾರೆ ಎಂಬುದನ್ನೂ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿಯೇ ತೂಗಬೇಕು.

ಅಳತೆಯ ಯಂತ್ರದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಭಯದ ಅರ್ಧ ಪಾಲು ಹುಟ್ಟುವುದು ಅಲ್ಲಿ. ಡೆಕ್ಸಾ ಸ್ಕ್ಯಾನಿನ ವರದಿಯಲ್ಲಿ ಟಿ-ಸ್ಕೋರ್, ಜೆಡ್-ಸ್ಕೋರ್ ಎಂಬ ಎರಡು ಅಂಕಿಗಳಿರುತ್ತವೆ. ಟಿ-ಸ್ಕೋರ್ ಮುಟ್ಟು ನಿಂತವರಿಗೆ ಮಾಡಿದ್ದು. ಮುಟ್ಟಾಗುವ ವಯಸ್ಸಿನವಳಿಗೆ ನೋಡಬೇಕಾದದ್ದು ಅವಳ ಓರಗೆಯವರಿಗೆ ಹೋಲಿಸುವ ಜೆಡ್-ಸ್ಕೋರ್, ಅದು ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ಮಾತ್ರ ಯೋಚಿಸಬೇಕು. ಇಪ್ಪತ್ತೆಂಟರ ಹೆಂಗಸಿನ ಟಿ-ಸ್ಕೋರ್ ಮೈನಸ್ 1.3 ಎಂದು ನೋಡಿ ‘ಆಸ್ಟಿಯೊಪೀನಿಯಾ’ ಎಂದು ಬರೆದುಕೊಟ್ಟರೆ, ಇಲ್ಲದ ಕಾಯಿಲೆಗೆ ಹೆಸರಿಟ್ಟಂತೆ. ಇನ್ನೂ ಒಂದಿದೆ. ಈ ಯಂತ್ರ ಎಲುಬಿನ ದಪ್ಪವನ್ನು ಅಳೆಯುವುದಿಲ್ಲ, ನೆರಳಿನಂಥ ಚಪ್ಪಟೆ ಚಿತ್ರವನ್ನು ಅಳೆಯುತ್ತದೆ. ಸಣ್ಣ ಮೈಕಟ್ಟಿನವರ ಸಣ್ಣ ಮೂಳೆ ಅದರಲ್ಲಿ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ. ಇನ್ನು ಕಲ್ಯಾಣ ಮಂಟಪದಲ್ಲಿ ನಡೆಯುವ ಉಚಿತ ಮೂಳೆ ತಪಾಸಣಾ ಶಿಬಿರಗಳಲ್ಲಿ ಹಿಮ್ಮಡಿಯನ್ನು ಒಂದು ಪೆಟ್ಟಿಗೆಗೆ ಇಟ್ಟು ಕೊಡುವ ಚೀಟಿ ಇದೆಯಲ್ಲ, ಅದು ರೋಗ ನಿರ್ಣಯಕ್ಕಿಂತ ಹೆಚ್ಚಾಗಿ ಮಾತ್ರೆ ಮಾರಾಟಕ್ಕೆ ಉಪಯೋಗ.

ಎರಡನೇ ಆಕ್ಷೇಪ ಇತಿಹಾಸದ್ದು, ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎಂಬತ್ತರ ದಶಕದ ಮಧ್ಯದಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೆಟ್-ಎನ್ ಎಂಬ ಇನ್ನೊಂದು ಗರ್ಭನಿರೋಧಕ ಸೂಜಿಯ ಪ್ರಯೋಗ ನಡೆಯಿತು. ತಾವು ಪ್ರಯೋಗದ ಭಾಗ ಎಂಬುದೇ ಅಲ್ಲಿಗೆ ಬಂದ ಬಡ ಹೆಂಗಸರಿಗೆ ಗೊತ್ತಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನ ಮತ್ತಿತರ ಮಹಿಳಾ ಗುಂಪುಗಳು 1986ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. 2015ರಲ್ಲಿ ಡಿಪೋ ಸೂಜಿಯನ್ನು ಸರ್ಕಾರಿ ಕಾರ್ಯಕ್ರಮಕ್ಕೆ ತರುವ ಮಾತು ಬಂದಾಗ ಮಹಿಳಾ ಸಂಘಟನೆಗಳು ಮತ್ತೆ ವಿರೋಧಿಸಿದವು; ಅವರ ಕಾರಣಗಳಲ್ಲಿ ಎಲುಬಿನದ್ದೂ ಒಂದು. ಅವರ ವಾದದ ಸಾರ ಹೀಗೆ: ಔಷಧ ಎಷ್ಟೇ ಒಳ್ಳೆಯದಿರಲಿ, ಒಮ್ಮೆ ಚುಚ್ಚಿದ ಮೇಲೆ ಮೂರು ತಿಂಗಳು ಹೊರತೆಗೆಯುವಂತಿಲ್ಲ; ಗುರಿ ಮುಟ್ಟುವ ಅವಸರದಲ್ಲಿರುವ ವ್ಯವಸ್ಥೆ ಬಡವಳಿಗೆ ಪೂರ್ತಿ ವಿವರ ಹೇಳುತ್ತದೆಯೇ? ಈ ಅನುಮಾನಕ್ಕೆ ಆಧಾರವಿದೆ, ನಾನು ಒಪ್ಪುತ್ತೇನೆ. ಆದರೆ ಇದು ಔಷಧದ ಮೇಲಿನ ದೂರಲ್ಲ, ಹೇಳದೆ ಚುಚ್ಚುವುದರ ಮೇಲಿನ ದೂರು. ಅದಕ್ಕೆ ಪರಿಹಾರ ಹೇಳುವುದೇ. ‘ಈ ಸೂಜಿಯಿಂದ ಎಲುಬು ಸ್ವಲ್ಪ ಸಡಿಲವಾಗುತ್ತದೆ, ನಿಲ್ಲಿಸಿದ ಮೇಲೆ ಬಹುಪಾಲು ತುಂಬಿಕೊಳ್ಳುತ್ತದೆ, ಮುಟ್ಟು ಏರುಪೇರಾಗುತ್ತದೆ, ನಿಂತರೂ ತೊಂದರೆಯಿಲ್ಲ, ಮತ್ತೆ ಮಗು ಬೇಕೆಂದರೆ ಕೊನೆಯ ಸೂಜಿಯಿಂದ ಏಳರಿಂದ ಹತ್ತು ತಿಂಗಳು ಕಾಯಬೇಕಾಗಬಹುದು’ ಎನ್ನಲು ಎಎನ್‌ಎಂ ಸಿಸ್ಟರಿಗೆ ಒಂದು ನಿಮಿಷ ಸಾಕು. ಈ ಮಾತು ಕೇಳದೆ ಹಾಕಿಸಿಕೊಂಡವರೇ ರಕ್ತಸ್ರಾವ ಏರುಪೇರಾದಾಗ ಗಾಬರಿಯಾಗಿ ಬಿಟ್ಟುಬಿಡುವುದು. ನಮ್ಮ ದೇಶದಲ್ಲಿ ಸೂಜಿ ಶುರುಮಾಡಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಂದು ವರ್ಷದೊಳಗೇ ನಿಲ್ಲಿಸುತ್ತಾರೆ ಎಂದು ಸಮೀಕ್ಷೆಗಳು ಹೇಳುತ್ತವೆ. ಎರಡು ವರ್ಷದ ಎಲುಬಿನ ಎಚ್ಚರಿಕೆ ಬಹುತೇಕರಿಗೆ ಅನ್ವಯಿಸುವ ಸಂದರ್ಭವೇ ಬರುವುದಿಲ್ಲ ಎಂಬುದು ಈ ಇಡೀ ಚರ್ಚೆಯ ವಿಚಿತ್ರ.

ಹಾಗಾದರೆ ಎಚ್ಚರ ಯಾರಿಗೆ ಬೇಕು? ಹದಿಹರೆಯದವರಿಗೆ ಬೇಕು. ಬದುಕಿಗಾಗುವಷ್ಟು ಎಲುಬು ಶೇಖರವಾಗುವ ಕಾಲ ಅದು. ಹದಿನೆಂಟರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಪಾಲು ಮುಗಿದಿರುತ್ತದೆ. ಆಗ ಸೂಜಿ ಹಾಕಿದರೆ ನಷ್ಟ ಎರಡು ಬಗೆಯದು: ಇರುವುದು ಇಳಿಯುತ್ತದೆ, ಸೇರಬೇಕಾದ್ದು ಸೇರುವುದಿಲ್ಲ. ಅಮೆರಿಕದಲ್ಲಿ 14ರಿಂದ 18 ವರ್ಷದ ಹುಡುಗಿಯರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಸೂಜಿ ನಿಲ್ಲಿಸಿದ ಮೇಲೆ ಮೂಳೆ ಚೇತರಿಸಿಕೊಂಡದ್ದು ಕಂಡಿದೆ, ನಿಜ; ಆದರೂ ಎಚ್ಚರ ಬಿಡುವಂತಿಲ್ಲ. ಈಸ್ಟ್ರೊಜೆನ್ 30 ಮೈಕ್ರೊಗ್ರಾಂಗಿಂತ ಕಡಿಮೆಯಿರುವ ಗುಳಿಗೆಗಳಿಂದಲೂ ಈ ವಯಸ್ಸಿನಲ್ಲಿ ಎಲುಬು ಕೂಡುವುದು ಕುಂಠಿತವಾಗಬಹುದೆಂಬ ಸೂಚನೆಗಳಿವೆ. ಕರ್ನಾಟಕದಲ್ಲಿ ಇದು ದೂರದ ಪ್ರಶ್ನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅವರ ಎಲುಬಿನ ಚಿಂತೆಯಿದ್ದವರು ಸೂಜಿಯ ಮಾತೆತ್ತುವ ಮೊದಲು ಮದುವೆಯ ಮಾತೆತ್ತಬೇಕು. ಇನ್ನೊಂದು ತುದಿಯಲ್ಲಿ ನಲವತ್ತೈದು ದಾಟಿದವರು. ಅವರಿಗೆ ಮುಟ್ಟು ನಿಲ್ಲುವ ಮುನ್ನ ನಷ್ಟ ತುಂಬಿಕೊಳ್ಳಲು ಸಮಯ ಸಾಲದು, ಹಾಗಾಗಿ ಕಾಪರ್-ಟಿಯಂಥದ್ದಕ್ಕೆ ಬದಲಾಗುವುದು ಲೇಸು. ಸಂಧಿವಾತಕ್ಕೋ ಉಬ್ಬಸಕ್ಕೋ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು, ಸಣ್ಣ ಪೆಟ್ಟಿಗೇ ಎಲುಬು ಮುರಿದುಕೊಂಡವರು ಕೂಡ ಬೇರೆ ವಿಧಾನ ನೋಡಬೇಕು.

ಮೂರನೇ ಆಕ್ಷೇಪವನ್ನು ಹೆಚ್ಚಾಗಿ ಮನೆಯ ಹಿರಿಯರೇ ಎತ್ತುತ್ತಾರೆ: ಈ ರಗಳೆಯೆಲ್ಲ ಯಾಕೆ, ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಬಿಟ್ಟರೆ ಮುಗಿಯಿತಲ್ಲ? ಮುಗಿದೇ ಇದೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ, ಬಹುಪಾಲು ಇಪ್ಪತ್ತರ ಹರೆಯದಲ್ಲೇ. ದೇಶದಲ್ಲಿ ಸೂಜಿ ಬಳಸುವವರು ಶೇ 1ಕ್ಕೂ ಕಡಿಮೆ. ಟ್ಯೂಬೆಕ್ಟಮಿಯಿಂದ ಎಲುಬಿಗೆ ಏನೂ ಆಗದು, ಅದನ್ನು ಮೊದಲೇ ಹೇಳಿದ್ದೇನೆ. ಆದರೆ ಮಕ್ಕಳಾಗುವ ಕಥೆ ಇಪ್ಪತ್ತೈದಕ್ಕೇ ಮುಗಿಯಿತು ಎಂದುಕೊಂಡ ಮೇಲೆ ಗರ್ಭಕೋಶ ‘ಕೆಲಸಕ್ಕೆ ಬಾರದ ಅಂಗ’ ಎನಿಸಿಕೊಳ್ಳುತ್ತದೆ. ಮೂವತ್ತೈದರಲ್ಲಿ ಬಿಳಿಸೆರಗೋ ಅತಿಯಾದ ರಕ್ತಸ್ರಾವವೋ ಕಾಣಿಸಿಕೊಂಡರೆ ‘ತೆಗೆಸಿಬಿಡಿ, ಕ್ಯಾನ್ಸರ್ ಆದೀತು’ ಎಂಬ ಸಲಹೆ ಬರುತ್ತದೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳು ಸುದ್ದಿಯಾದದ್ದು ನೆನಪಿರಬಹುದು. ಹೊಟ್ಟೆನೋವು ಎಂದು ಖಾಸಗಿ ಆಸ್ಪತ್ರೆಗೆ ಹೋದವರಲ್ಲಿ ನಲವತ್ತು ದಾಟದವರೇ ಹೆಚ್ಚಿದ್ದರು. ಇಂಥ ಪ್ರಕರಣಗಳ ಮೇಲಿನ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು.

ಎಲುಬಿನ ನಿಜವಾದ ಕಳ್ಳತನ ನಡೆಯುವುದು ಇಲ್ಲಿ. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೊಜೆನ್ ಆ ರಾತ್ರಿಯೇ ಕುಸಿಯುತ್ತದೆ, ಮತ್ತೆ ಏರುವುದಿಲ್ಲ. ಸಹಜವಾಗಿ ಮುಟ್ಟು ನಿಂತವರಲ್ಲೇ ಮೊದಲ ಐದಾರು ವರ್ಷದಲ್ಲಿ ಶೇ 10ರ ಆಸುಪಾಸು ಎಲುಬು ಹೋಗುತ್ತದೆ. ಅಂಡಾಶಯ ತೆಗೆಸಿಕೊಂಡವರಲ್ಲಿ ಇಳಿತ ಇನ್ನೂ ಚುರುಕು, ಅದೂ ಹತ್ತು ಹದಿನೈದು ವರ್ಷ ಮುಂಚೆ. ಅಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೊಜೆನ್ ಕೊಡಬೇಕೆಂಬುದು ವೈದ್ಯಶಾಸ್ತ್ರದ ಸಾಮಾನ್ಯ ನಿಯಮ. ಕಬ್ಬು ಕಡಿಯಲು ಹೋಗುವ ತಾಂಡಾದ ಹೆಂಗಸಿಗೆ ಆ ಮಾತ್ರೆಯನ್ನು ಬರೆದುಕೊಡುವವರು ಯಾರು? ಸೂಜಿ ಹಾಕಿಸಿಕೊಂಡವಳ ಎಲುಬು ಸೂಜಿ ಬಿಟ್ಟ ಮೇಲೆ ಚೇತರಿಸಿಕೊಳ್ಳುತ್ತದೆ. ಇವಳಿಗೆ ಬಿಡಲು ಏನೂ ಉಳಿದಿಲ್ಲ. ಇದರಲ್ಲಿ ಇನ್ನೊಂದು ವಕ್ರತೆಯಿದೆ. ಗರ್ಭಕೋಶ ತೆಗೆಯುವುದಕ್ಕೆ ಹೆಂಗಸರು ಕೊಡುವ ಮುಖ್ಯ ಕಾರಣ ಅತಿಯಾದ ರಕ್ತಸ್ರಾವ. ಅದಕ್ಕೆ ಮೊದಲು ಮಾಡಿ ನೋಡಬೇಕಾದ ಚಿಕಿತ್ಸೆ ಹಾರ್ಮೋನೇ: ಗುಳಿಗೆ, ಹಾರ್ಮೋನಿನ ವಂಕಿ, ಕೆಲವೊಮ್ಮೆ ಇದೇ ಸೂಜಿ. ‘ಹಾರ್ಮೋನು ಬೇಡಪ್ಪಾ, ಮೂಳೆ ಸವೆಯುತ್ತದೆ’ ಎಂದು ಹೆದರಿದವಳು ಕೊನೆಗೆ ಮೂಳೆಯನ್ನು ಅತಿ ಹೆಚ್ಚು ಸವೆಸುವ ಶಸ್ತ್ರಚಿಕಿತ್ಸೆಗೆ ಸಹಿ ಹಾಕುತ್ತಾಳೆ.

ಸರ್ಕಾರ ಮಾಡಬಹುದಾದ ಕೆಲಸವೊಂದು ಕೈಗೆಟಕುವಷ್ಟು ಹತ್ತಿರದಲ್ಲಿದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ದಿನಕ್ಕೆರಡು ಸುಣ್ಣದಂಶದ ಮಾತ್ರೆ ಉಚಿತವಾಗಿ ಕೊಡುವ ಏರ್ಪಾಡು 2014ರಿಂದ ಇದೆ. ಹೆರಿಗೆಯ ಆರು ತಿಂಗಳಿಗೆ ಅದು ನಿಲ್ಲುತ್ತದೆ. ಅನೇಕರಿಗೆ ಅಂತರ ಸೂಜಿ ಶುರುವಾಗುವುದು ಅದೇ ಹೊತ್ತಿನಲ್ಲಿ. ಅಂದರೆ ಈಸ್ಟ್ರೊಜೆನ್ ತಗ್ಗಿರುವ ಒಂದು ಅವಧಿ ಮುಗಿದು ಇನ್ನೊಂದು ಶುರುವಾಗುವಾಗ ನಾವು ಮಾತ್ರೆ ಕಸಿದುಕೊಳ್ಳುತ್ತೇವೆ. ಸುಣ್ಣದಂಶ ಕೊಟ್ಟರೆ ಈಸ್ಟ್ರೊಜೆನ್ ಕೊರತೆಯ ನಷ್ಟ ಪೂರ್ತಿ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ, ಅದು ನಿಲ್ಲುವುದಿಲ್ಲ. ಆದರೆ ಹಸಿದ ಎಲುಬು ಏನನ್ನೂ ತುಂಬಿಕೊಳ್ಳಲಾರದು. ಮೂರು ತಿಂಗಳಿಗೊಮ್ಮೆ ಸೂಜಿಗೆ ಬಂದಾಗಲೇ ಮೂರು ತಿಂಗಳ ಮಾತ್ರೆಯ ಪಟ್ಟಿಯನ್ನೂ ಕೈಗಿಟ್ಟರೆ ಹೊಸ ಇಲಾಖೆ ಬೇಡ, ಹೊಸ ನೌಕರರು ಬೇಡ. ಸೂಜಿಯ ಕಾರ್ಡಿನಲ್ಲಿ ಎರಡನೇ ವರ್ಷದ ಸಾಲಿನ ಎದುರು ‘ಮುಂದುವರಿಸೋಣವೇ? ಮಾತಾಡಿ’ ಎಂದು ಅಚ್ಚು ಹಾಕಿಸಿದರೆ ಬ್ರಿಟನ್ನಿನ ಮಾರ್ಗಸೂಚಿಯೂ ಪುಕ್ಕಟೆ ಜಾರಿಯಾಯಿತು.

ಓದುವವರಿಗೆ ಹೇಳಬೇಕಾದ್ದು ಇಷ್ಟು. ನಿಮಗೆ ಹದಿನೆಂಟು ತುಂಬಿದ್ದು ನಲವತ್ತೈದು ದಾಟಿಲ್ಲ, ಬೇರೆ ಕಾಯಿಲೆಯಿಲ್ಲ, ಸೂಜಿ ಮೈಗೆ ಒಗ್ಗಿದೆ ಎಂದಾದರೆ ಎಲುಬಿನ ಭಯಕ್ಕೆ ಅದನ್ನು ಬಿಡಬೇಡಿ; ಮುದ್ದೆ, ನುಗ್ಗೆಸೊಪ್ಪು, ಎಳ್ಳು, ಹಾಲು, ಮೊಸರು ನಿಮ್ಮ ತಟ್ಟೆಗೂ ಬೀಳಲಿ. ಗರ್ಭಕೋಶ ತೆಗೆಸಬೇಕು ಎಂದು ಯಾರಾದರೂ ಹೇಳಿದರೆ ಸಹಿ ಹಾಕುವ ಮೊದಲು ಇನ್ನೊಬ್ಬ ವೈದ್ಯರನ್ನು ಕಾಣಿ, ಮತ್ತು ಇಬ್ಬರಿಗೂ ಈ ಪ್ರಶ್ನೆ ಕೇಳಿ: ‘ಡಾಕ್ಟ್ರೇ, ನನ್ನ ಅಂಡಾಶಯ ಉಳಿಸುತ್ತೀರಾ? ಉಳಿಸುವುದಿಲ್ಲವೆಂದರೆ ಯಾಕೆ?’